ಕಪ್ಪೆಯ ಹಿಂದಿನ ಹಳ್ಳ

ನೂರು ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಒಂದನ್ನೇ ನಂಬಿ ತೆಗೆದ ಆ ವರ್ಷಗಳ ಚಿತ್ರಗಳನ್ನು ಈಗ ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲದರ ಹಿನ್ನೆಲೆಯೂ ಒಂದೇ: ನುಣುಪಾದ ಹಸಿರು. ಘಟ್ಟದ ಕಪ್ಪೆಯ ಹಿಂದೆಯೂ ಹಸಿರು, ತೋಟದ ಮಿಡತೆಯ ಹಿಂದೆಯೂ ಹಸಿರು, ಬಯಲುಸೀಮೆಯ ಬೇಲಿಯ ಮೇಲಿನ ಜೇಡನ ಹಿಂದೆ ಸ್ವಲ್ಪ ಹಳದಿಗೆ ತಿರುಗಿದ ಹಸಿರು. ಕಪ್ಪೆಯ ಕಣ್ಣಿನ ಸುತ್ತಲ ಚಿನ್ನದ ಗೆರೆಗಳನ್ನು ಎಣಿಸಬಹುದು, ಮಿಡತೆಯ ಹಿಂಗಾಲಿನ ಮುಳ್ಳುಗಳನ್ನು ಲೆಕ್ಕ ಹಾಕಬಹುದು. ಆದರೆ ಆ ಕಪ್ಪೆ ಕೂತದ್ದು ಹರಿಯುವ ಹಳ್ಳದ ದಡದಲ್ಲೋ, ಅಡಿಕೆ ತೋಟದ ಬಸಿಗಾಲುವೆಯಲ್ಲೋ, ರಸ್ತೆ ಬದಿಯ ಚರಂಡಿಯಲ್ಲೋ ಎಂದು ಕೇಳಿದರೆ ಚಿತ್ರದ ಹತ್ತಿರ ಉತ್ತರವಿಲ್ಲ. ತೆಗೆದವರ ನೆನಪಿನಲ್ಲಿ ಇದ್ದರೆ ಇದೆ. ನೆನಪು ಮಾಸುತ್ತ ಬಂದ ಹಾಗೆ ಆ ಚಿತ್ರಗಳು ಊರಿಲ್ಲದ ಚಿತ್ರಗಳಾಗುತ್ತ ಹೋಗಿವೆ. ಹತ್ತಿರದ ಚಿತ್ರಕ್ಕೂ ವೈಡ್ ಆ್ಯಂಗಲ್ ಲೆನ್ಸ್ ಬೇಕು ಅನ್ನುವ ಯೋಚನೆ ನನ್ನಲ್ಲಿ ಬಲಿತದ್ದು ಈ ಕೊರತೆಯಿಂದ. ಅದಾದ ಮೇಲೆ, ಯಾವ ವೈಡ್ ಲೆನ್ಸ್ ಎಂಬ ಪ್ರಶ್ನೆಗೆ ನಾನು ಬಹುಕಾಲ ತಪ್ಪು ಅಂಕಿಗಳಲ್ಲೇ ಉತ್ತರ ಹುಡುಕುತ್ತಿದ್ದೆ. ಫೋಕಲ್ ಲೆಂಗ್ತ್ ಎಷ್ಟು, ಅಪರ್ಚರ್ ಎಷ್ಟು ದೊಡ್ಡದು, ವಸ್ತುವಿನ ಪೂರ್ಣ ಗಾತ್ರ ಸಿಗುತ್ತದೆಯೋ ಇಲ್ಲವೋ ಎಂದೇ ಕೇಳುತ್ತಿದ್ದೆ. ಕೇಳಬೇಕಾದದ್ದು ಬೇರೆ. ನಮಗೆ ನಿಜವಾಗಿ ಬೇಕಾದ ಗಾತ್ರದಲ್ಲಿ ಲೆನ್ಸಿನ ಮೂತಿಗೂ ಜೀವಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ? ಆ ಒಂದು ಅಳತೆ ಉಳಿದೆಲ್ಲ ಅಂಕಿಗಳಿಗಿಂತ ಮುಖ್ಯ ಎನ್ನುವುದು ಇಷ್ಟು ವರ್ಷಗಳ ಮೇಲೆ ನಾನು ತಲುಪಿದ ನಿಲುವು.

ಹಿನ್ನೆಲೆಯನ್ನು ಅಳಿಸುವ ಅಭ್ಯಾಸ ನಮಗೆ ಸುಮ್ಮನೆ ಬಂದದ್ದಲ್ಲ. ಕರ್ನಾಟಕದಲ್ಲಿ ನಿಸರ್ಗ ಛಾಯಾಗ್ರಹಣ ಬೆಳೆದದ್ದು ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ ಅವರಂಥವರ ಶ್ರದ್ಧೆಯಲ್ಲಿ. ಮರೆಯಲ್ಲಿ ಗಂಟೆಗಟ್ಟಲೆ ಕೂತು, ಫಿಲ್ಮಿನ ಒಂದೊಂದು ಚೌಕಟ್ಟನ್ನೂ ಎಣಿಸಿ ಖರ್ಚು ಮಾಡುತ್ತಿದ್ದ ಕಾಲ ಅದು. ಹಕ್ಕಿಯೋ ಪ್ರಾಣಿಯೋ ಹಿನ್ನೆಲೆಯಿಂದ ಬಿಡಿಸಿಕೊಂಡು ಸ್ಪಷ್ಟವಾಗಿ ನಿಂತರೆ ಅದೇ ಗೆಲುವು. ಸಲೂನ್ ಸ್ಪರ್ಧೆಗಳೂ ಅದನ್ನೇ ಮೆಚ್ಚಿದವು. ಆ ತಲೆಮಾರಿನ ಚಿತ್ರಗಳ ಬಗ್ಗೆ ನನಗಿರುವ ಗೌರವ ಕಡಿಮೆಯಾಗಿಲ್ಲ. ಹಕ್ಕಿಯ ಹತ್ತಿರ ಹೋಗಲಾರದವರಿಗೆ ಉದ್ದನೆಯ ಲೆನ್ಸ್ ಅನಿವಾರ್ಯವಾಗಿತ್ತು, ಮಸುಕಾದ ಹಿನ್ನೆಲೆ ಅದರ ಜೊತೆಗೆ ಬಂದದ್ದು. ಆದರೆ ಕೈಯಳತೆಯಲ್ಲಿ ಸಿಗುವ ಕಪ್ಪೆ, ಅಣಬೆ, ಇರುವೆ, ಆರ್ಕಿಡ್‌ಗಳಿಗೂ ನಾವು ಅದೇ ರುಚಿಯನ್ನು ಹಾಗೇ ಎತ್ತಿಕೊಂಡು ಬಂದೆವು. ಅನಿವಾರ್ಯವಾಗಿದ್ದದ್ದು ಇಲ್ಲಿ ಕಟ್ಟುಪಾಡಾಯಿತು.

ಇದರಿಂದ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಕುಂಬಾರ ಕಪ್ಪೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದ ಇರುಳು ಕಪ್ಪೆ ಇದು. ಶಾಸ್ತ್ರೀಯ ಹೆಸರಿನಲ್ಲೂ 'ಕುಂಬಾರ' ಎಂಬ ಕನ್ನಡ ಪದವೇ ಇದೆ. ಕತ್ತಲೆಕಾನಿನಂಥ ಕಾಡಿನ ಹಳ್ಳಗಳಲ್ಲಿ, ನೀರಿನ ಮೇಲಕ್ಕೆ ಚಾಚಿದ ಕಡ್ಡಿಯ ಮೇಲೋ ಎಲೆಯ ಮೇಲೋ ಮೊಟ್ಟೆ ಬಿದ್ದ ಮೇಲೆ ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಹಳ್ಳದ ತಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಇದನ್ನು ನೂರು ಮಿಲಿಮೀಟರಿನ ಲೆನ್ಸಿನಲ್ಲಿ ತುಂಬು ಚೌಕಟ್ಟಿಗೆ ತೆಗೆದರೆ ಒಂದು ಕಂದು ಕಪ್ಪೆ, ಒಂದು ಕೆಸರಿನ ಮುದ್ದೆ. ಕೆಸರು ಎಲ್ಲಿಂದ ಬಂತು, ಕಡ್ಡಿ ನೀರಿನಿಂದ ಎಷ್ಟು ಮೇಲಿದೆ, ಮರಿ ಹೊರಬಂದರೆ ಎಲ್ಲಿ ಬೀಳುತ್ತದೆ ಎಂಬ ಮೂರೂ ಪ್ರಶ್ನೆಗಳ ಉತ್ತರ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಕುಂಬಾರನ ಚಿತ್ರದಲ್ಲಿ ಮಣ್ಣಿನ ಗುಂಡಿ ಕಾಣದಿದ್ದರೆ ಹೇಗೋ ಹಾಗೆ. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆಯದೂ ಇದೇ ಕಥೆ. ಸಿ.ಆರ್. ನಾರಾಯಣರಾಯರು 1937ರಲ್ಲಿ ಹೆಸರಿಸಿದ ಪ್ರಭೇದ ಅದು. ಈ ಜಾತಿಯ ಗಂಡುಗಳು ಹಗಲಿನಲ್ಲೇ ಹಳ್ಳದ ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ, ಬೆರಳ ನಡುವಿನ ಪೊರೆಯನ್ನು ಬಿಡಿಸಿ ಬೀಸುತ್ತವೆ. ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವ ಕಡೆ ಕಾಲಿನ ಸನ್ನೆ ಕಣ್ಣಿಗೆ ತಾಗುತ್ತದೆ. ಬೀಸಿದ ಕಾಲು ಚಿತ್ರದಲ್ಲಿದ್ದು ಭೋರ್ಗರೆಯುವ ನೀರು ಇಲ್ಲದಿದ್ದರೆ ಆ ಕಾಲು ಯಾಕೆ ಬೀಸಿತು ಎಂಬುದೇ ಇಲ್ಲವಾಗುತ್ತದೆ.

ವೈಡ್ ಲೆನ್ಸ್ ಇಲ್ಲಿ ಏನು ಮಾಡುತ್ತದೆ ಎಂಬ ಬಗ್ಗೆ ಚಾಲ್ತಿಯಲ್ಲಿರುವ ಒಂದು ಮಾತನ್ನು ಮೊದಲು ಸರಿಪಡಿಸಿಕೊಳ್ಳಬೇಕು, ಯಾಕೆಂದರೆ ಆಯ್ಕೆ ತಪ್ಪುವುದು ಅಲ್ಲಿಂದಲೇ. ವೈಡ್ ಲೆನ್ಸಿನಲ್ಲಿ ಡೆಪ್ತ್ ಆಫ್ ಫೀಲ್ಡ್ ಜಾಸ್ತಿ, ಆದ್ದರಿಂದ ಹಿನ್ನೆಲೆ ಸ್ಪಷ್ಟ ಎನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಲೆಕ್ಕ ಹಾಕಿದರೆ ಅದು ಪೂರ್ತಿ ನಿಲ್ಲುವುದಿಲ್ಲ. ಫುಲ್ ಫ್ರೇಮ್ ಸೆನ್ಸರಿನ ಮೇಲೆ ಜೀವಿಯ ಗಾತ್ರ ಅದರ ನಿಜ ಗಾತ್ರದ ನಾಲ್ಕನೇ ಒಂದರಷ್ಟು ಇರಲಿ, ಅಪರ್ಚರ್ ಎಫ್/11 ಇರಲಿ. ನೂರು ಮಿಲಿಮೀಟರಿನದು, 24 ಮಿಲಿಮೀಟರಿನದು ಎರಡೂ ಲೆನ್ಸಿನಲ್ಲಿ ಜೀವಿಯ ಸುತ್ತ ಸ್ಪಷ್ಟವಾಗಿ ಸಿಗುವ ಪದರದ ದಪ್ಪ ಹೆಚ್ಚುಕಡಿಮೆ ಒಂದೇ. ಇನ್ನು ದೂರದ ಹಿನ್ನೆಲೆಯ ಒಂದು ಚುಕ್ಕೆ ನೂರು ಮಿಲಿಮೀಟರಿನ ಲೆನ್ಸಿನಲ್ಲಿ ಸುಮಾರು 2.3 ಮಿ.ಮೀ. ಅಗಲದ ಮಸುಕು ಬಿಲ್ಲೆಯಾಗುತ್ತದೆ, 24 ಮಿಲಿಮೀಟರಿನಲ್ಲಿ ಸುಮಾರು 0.55 ಮಿ.ಮೀ. ಅಷ್ಟು ನೋಡಿದರೆ ವೈಡ್ ಗೆದ್ದಂತೆ. ಆದರೆ ಹತ್ತು ಮೀಟರ್ ಹಿಂದೆ ಅರ್ಧ ಮೀಟರ್ ದಪ್ಪದ ಮರದ ಬೊಡ್ಡೆ ಇದೆ ಎನ್ನಿ. ನೂರರ ಲೆನ್ಸಿನಲ್ಲಿ ಆ ಬೊಡ್ಡೆ ಸೆನ್ಸರಿನ ಮೇಲೆ ಸುಮಾರು 5 ಮಿ.ಮೀ. ಅಗಲ, 24ರಲ್ಲಿ 1.2 ಮಿ.ಮೀ. ಬೊಡ್ಡೆಯ ಅಗಲವನ್ನು ಮಸುಕಿನ ಅಗಲದಿಂದ ಭಾಗಿಸಿ ನೋಡಿ. ಎರಡರಲ್ಲೂ ಉತ್ತರ 2.2. ಅಂದರೆ ಆ ಮರ ತನ್ನ ಗಾತ್ರಕ್ಕೆ ತಕ್ಕಂತೆ ಎರಡರಲ್ಲೂ ಅಷ್ಟೇ ಮಸುಕು. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಆ ಹತ್ತು ಮೀಟರ್ ದೂರದಲ್ಲಿ ನೂರರ ಲೆನ್ಸ್ ಕಾಣುವುದು ಸುಮಾರು 3.6 ಮೀಟರ್ ಅಗಲದ ಕಾಡನ್ನು, 24ರ ಲೆನ್ಸ್ ಸುಮಾರು 15 ಮೀಟರ್ ಅಗಲದ ಕಾಡನ್ನು. ಮೊದಲನೆಯದರಲ್ಲಿ ಒಂದೆರಡು ಬೊಡ್ಡೆಗಳ ತುಂಡು. ಎರಡನೆಯದರಲ್ಲಿ ಮರಗಳ ಸಾಲು, ಅದರ ನಡುವೆ ಇಳಿಯುವ ಹಳ್ಳ, ಮೇಲೆ ತೆರೆದ ಬಾನಿನ ತುಣುಕು.

ಈ ಲೆಕ್ಕದಿಂದ ನನ್ನ ಯೋಚನೆಯ ದಿಕ್ಕೇ ಬದಲಾಯಿತು. ಒಂದು ಜಾಗವನ್ನು ನಾವು ಗುರುತಿಸುವುದು ಎಲೆಗಳ ಅಂಚಿನಿಂದಲ್ಲ, ದೊಡ್ಡ ಆಕಾರಗಳು ಒಂದಕ್ಕೊಂದು ಹೊಂದಿಕೊಂಡ ರೀತಿಯಿಂದ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ನೀರಿನಿಂದ ಮಂಡಿಯಂತೆ ಎದ್ದು ಮತ್ತೆ ನೀರಿಗೇ ಇಳಿಯುವ ಬೇರುಗಳು ಎಷ್ಟೇ ಮಸುಕಾದರೂ ಒಮ್ಮೆ ನೋಡಿದವರಿಗೆ ಗೊತ್ತಾಗಿಬಿಡುತ್ತವೆ, ಆದರೆ ಹತ್ತಾರು ಬೇರುಗಳು ಒಟ್ಟಿಗೆ ಚೌಕಟ್ಟಿನಲ್ಲಿದ್ದರೆ ಮಾತ್ರ. ಒಂದೇ ಬೇರಿನ ತುಂಡು ಯಾವ ಕಾಡಿನದೂ ಆಗಬಹುದು. ಬಾಬಾಬುಡನ್‌ಗಿರಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗಿನ ಚಿತ್ರಗಳಲ್ಲೂ ಇದೇ ಪಾಠವಿತ್ತು. ಒಂದೇ ಹೂವಿನ ಹತ್ತಿರದ ಚಿತ್ರ ಒಂದು ನೇರಳೆ ಹೂವಿನ ಚಿತ್ರ ಮಾತ್ರ. ಎಷ್ಟೋ ವರ್ಷ ಕಾದು ಇಡೀ ಗುಡ್ಡ ಒಟ್ಟಿಗೆ ಅರಳುವುದೇ ಆ ಗಿಡದ ಬದುಕಿನ ಗುಟ್ಟು. ಆ ಗುಟ್ಟು ಸಿಗಬೇಕಾದರೆ ಹೂವು ಕಣ್ಣಿನ ಹತ್ತಿರವೂ ಗುಡ್ಡ ಅದರ ಹಿಂದೆಯೂ ಒಂದೇ ಚೌಕಟ್ಟಿನಲ್ಲಿ ಇರಬೇಕು. ವೈಡ್ ಲೆನ್ಸ್ ಕೊಡುವುದು ಸ್ಪಷ್ಟತೆಯನ್ನಲ್ಲ, ಹರವನ್ನು. ಇದನ್ನು ಒಪ್ಪಿಕೊಂಡ ಮೇಲೆ ಲೆನ್ಸಿನ ಆಯ್ಕೆ ಸುಲಭವಾಗುತ್ತದೆ, ಯಾಕೆಂದರೆ ಆ ಹರವಿಗೆ ಕೊಡಬೇಕಾದ ಬೆಲೆ ಏನೆಂದು ಆಗ ಸರಿಯಾಗಿ ಕೇಳಬಹುದು.

ಬೆಲೆ ಇಷ್ಟೇ: ಹತ್ತಿರ ಹೋಗಬೇಕು. ಎಷ್ಟು ಹತ್ತಿರ ಎಂಬುದಕ್ಕೆ ಕೈಲೆಕ್ಕವೊಂದಿದೆ. ನಾಲ್ಕನೇ ಒಂದರಷ್ಟು ಗಾತ್ರ ಬೇಕಾದರೆ ಜೀವಿ ಲೆನ್ಸಿನಿಂದ ಅದರ ಫೋಕಲ್ ಲೆಂಗ್ತಿನ ಐದು ಪಟ್ಟು ದೂರದಲ್ಲಿರುತ್ತದೆ. ಅರ್ಧ ಗಾತ್ರಕ್ಕೆ ಮೂರು ಪಟ್ಟು, ಪೂರ್ಣ ಗಾತ್ರಕ್ಕೆ ಎರಡು ಪಟ್ಟು. ನೂರರ ಲೆನ್ಸಿಗೆ ನಾಲ್ಕನೇ ಒಂದು ಎಂದರೆ ಅರ್ಧ ಮೀಟರ್. 24ಕ್ಕೆ 12 ಸೆಂ.ಮೀ., 15ಕ್ಕೆ ಏಳೂವರೆ ಸೆಂ.ಮೀ. ಈ ದೂರವನ್ನು ಲೆಕ್ಕ ಹಾಕುವುದು ಲೆನ್ಸಿನ ಒಳಗಿನ ಒಂದು ತಾಣದಿಂದ, ಮುಂದಿನ ಗಾಜಿನಿಂದಲ್ಲ. ಆದ್ದರಿಂದ ಮೂತಿಯ ಮುಂದೆ ಉಳಿಯುವುದು ಇನ್ನೂ ಕಡಿಮೆ. ಇಲ್ಲೇ ಕಂಪನಿಗಳ ಪಟ್ಟಿ ಓದುವವರು ಎಡವುವುದು. ಪಟ್ಟಿಯಲ್ಲಿ ಕೊಡುವ ಕನಿಷ್ಠ ಫೋಕಸ್ ದೂರವನ್ನು ಕ್ಯಾಮೆರಾದ ಒಳಗಿನ ಸೆನ್ಸರಿನಿಂದ ಅಳೆದಿರುತ್ತಾರೆ. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಸೊನ್ನೆಗೆ ಅಡ್ಡಗೆರೆ ಎಳೆದ ಗುರುತು ಇರುತ್ತದಲ್ಲ, ಅಲ್ಲಿಂದ. ಹದಿನೆಂಟು ಸೆಂಟಿಮೀಟರ್ ಎಂದು ಓದಿ ನೆಮ್ಮದಿಯಾದರೆ, ಅದರಲ್ಲಿ ಕ್ಯಾಮೆರಾದ ಒಳಗಿನ ಜಾಗ, ಲೆನ್ಸಿನ ಉದ್ದ ಎರಡೂ ಕಳೆದು ಕೈಗೆ ಸಿಗುವುದು ಐದು ಸೆಂಟಿಮೀಟರಿನ ಆಸುಪಾಸು. ಒಂದು ಬೆಂಕಿಪೊಟ್ಟಣದ ಉದ್ದ.

ಪೂರ್ಣ ಗಾತ್ರದ ಆಸೆ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎನ್ನುವುದಕ್ಕೆ ಲಾವೋವಾ ಹೆಸರಿನಲ್ಲಿ 2015ರಲ್ಲಿ ಬಂದ 15 ಮಿ.ಮೀ. ಎಫ್/4 ಲೆನ್ಸ್ ಒಳ್ಳೆಯ ಉದಾಹರಣೆ. ಸುಮಾರು 110 ಡಿಗ್ರಿ ನೋಟ, ಜೊತೆಗೆ ಪೂರ್ಣ ಗಾತ್ರ. ಅಷ್ಟು ವೈಡ್ ಲೆನ್ಸಿನಲ್ಲಿ ಇದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪೂರ್ಣ ಗಾತ್ರದಲ್ಲಿ ಮುಂದಿನ ಗಾಜಿಗೂ ಜೀವಿಗೂ ಉಳಿಯುವ ಜಾಗ 4.7 ಮಿ.ಮೀ. ಅರ್ಧ ಸೆಂಟಿಮೀಟರೂ ಅಲ್ಲ. ಎಲೆಯ ಮೇಲಿನ ಹುಳವೊಂದನ್ನು ಊಹಿಸಿಕೊಳ್ಳಿ. ಅದರ ಮೀಸೆ ಗಾಜಿಗೆ ತಾಗುತ್ತದೆ, ಎಲೆಯ ಅಂಚು ಲೆನ್ಸಿನ ಉಂಗುರಕ್ಕೆ ತಾಗಿ ಮಡಚಿಕೊಳ್ಳುತ್ತದೆ, 77 ಮಿ.ಮೀ. ಫಿಲ್ಟರ್ ಹಿಡಿಸುವ ಆ ಅಗಲ ಮೂತಿಯ ನೆರಳು ಹುಳದ ಮೇಲೆ ಕೊಡೆಯಂತೆ ಕವಿಯುತ್ತದೆ. ಬೆಳಕು ಒಳಗೆ ಬರುವ ದಾರಿಯೇ ಇಲ್ಲ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಗಾತ್ರ ನಮಗೆ ಬೇಕೇ? ಪೂರ್ಣ ಗಾತ್ರದಲ್ಲಿ ಚೌಕಟ್ಟಿಗೆ ಹಿಡಿಸುವುದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ನಾಲ್ಕು ಸೆಂಟಿಮೀಟರಿನ ಕಪ್ಪೆ ಅದರಲ್ಲಿ ಹಿಡಿಸುವುದೇ ಇಲ್ಲ. ನಾಲ್ಕನೇ ಒಂದರಲ್ಲಾದರೆ ಚೌಕಟ್ಟು 14.4 ಸೆಂ.ಮೀ. ಅಗಲವಾಗುತ್ತದೆ, ಕಪ್ಪೆ ಅದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ತುಂಬುತ್ತದೆ, ಉಳಿದ ಮುಕ್ಕಾಲು ಹಳ್ಳದ್ದು. ನಾವು ವೈಡ್ ಲೆನ್ಸಿಗೆ ಕೈ ಹಾಕಿದ್ದೇ ಆ ಮುಕ್ಕಾಲಿಗಾಗಿ. ಪೂರ್ಣ ಗಾತ್ರಕ್ಕೆ ಹೋದರೆ ಅದನ್ನೇ ಕಳೆದುಕೊಳ್ಳುತ್ತೇವೆ. ಹಾಗೆಂದು ಈ ಲೆನ್ಸನ್ನು ಬೇಡವೆನ್ನಲಾರೆ. ನಾಲ್ಕನೇ ಒಂದರ ಹತ್ತಿರ ಬಳಸಿದರೆ ಅದರಲ್ಲೂ ಐದು ಸೆಂಟಿಮೀಟರಿನಷ್ಟು ಜಾಗ ಸಿಗುತ್ತದೆ. ಆದರೆ ಹಾಗೆ ಬಳಸುವವರು ಪೂರ್ಣ ಗಾತ್ರಕ್ಕೆಂದು ಹಣ ಕೊಟ್ಟಿರಬೇಕಾಗಿಲ್ಲ.

ನನ್ನ ಮನಸ್ಸು ನಿಂತಿರುವುದು 24ರಿಂದ 28ರ ನಡುವಿನ, ಸಣ್ಣ ಮೂತಿಯ, ನಾಲ್ಕನೇ ಒಂದಕ್ಕೆ ಆರಾಮಾಗಿ ತಲುಪುವ ಲೆನ್ಸುಗಳ ಮೇಲೆ. ಸಿಗ್ಮಾದ ಹಳೆಯ 24 ಮಿ.ಮೀ. ಎಫ್/1.8 ಮ್ಯಾಕ್ರೋ 18 ಸೆಂ.ಮೀ.ನಲ್ಲಿ 1:2.7 ಗಾತ್ರ ಕೊಡುತ್ತಿತ್ತು. ಬೆಂಕಿಪೊಟ್ಟಣದ ಲೆಕ್ಕ ಅದರದೇ. ಗಾತ್ರವನ್ನು ನಾಲ್ಕನೇ ಒಂದಕ್ಕೆ ಇಳಿಸಿದರೆ ಮೂತಿಯ ಮುಂದೆ ಎಂಟು ಸೆಂಟಿಮೀಟರಿನಷ್ಟು ಸಿಗುತ್ತದೆ, ಆದರೆ ದೊಡ್ಡ ಅಪರ್ಚರಿಗಾಗಿ ಮೂತಿ ದಪ್ಪ. ಎಂಬತ್ತರ ದಶಕದ ನಿಕಾನ್ 28 ಮಿ.ಮೀ. ಎಫ್/2.8 ಎಐ-ಎಸ್ ಇದಕ್ಕಿಂತ ಸಾಧು. ಕೈಯಲ್ಲೇ ಫೋಕಸ್ ತಿರುಗಿಸಬೇಕಾದ ಪುಟ್ಟ ಲೆನ್ಸ್, 52 ಮಿ.ಮೀ. ಫಿಲ್ಟರ್, 20 ಸೆಂ.ಮೀ.ನಲ್ಲಿ 1:3.9. ಲೆನ್ಸೇ ಗಿಡ್ಡವಾಗಿರುವುದರಿಂದ ಮೂತಿಯ ಮುಂದೆ ಸುಮಾರು ಹತ್ತು ಸೆಂಟಿಮೀಟರ್ ಉಳಿಯುತ್ತದೆ. ಅದೇ ಹೆಸರಿನ ಹಿಂದಿನ ಆವೃತ್ತಿ 30 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಹಳೆಯದನ್ನು ಕೊಳ್ಳುವವರು ಇದನ್ನು ಗಮನಿಸಬೇಕು. ಹೊಸ ಕಾಲಕ್ಕೆ ಬಂದರೆ 2022ರ ಕ್ಯಾನನ್ ಆರ್‌ಎಫ್ 24 ಮಿ.ಮೀ. ಎಫ್/1.8 ಮ್ಯಾಕ್ರೋ 14 ಸೆಂ.ಮೀ.ನಲ್ಲಿ ಅರ್ಧ ಗಾತ್ರಕ್ಕೆ ಹೋಗುತ್ತದೆ, ಮೂತಿಯೂ 52 ಮಿ.ಮೀ. ಫಿಲ್ಟರಿನಷ್ಟೇ. ಈ ಮೂರರಲ್ಲಿ ಯಾವುದು ಹೆಚ್ಚು ತೀಕ್ಷ್ಣ ಎಂದು ವಾದಿಸುತ್ತ ಕೂರುವುದರಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಎಫ್/11ರಲ್ಲಿ, ಎಫ್/16ರಲ್ಲಿ ತೆಗೆಯುವ ಚಿತ್ರಕ್ಕೆ ಆ ವ್ಯತ್ಯಾಸ ಹೆಚ್ಚಾಗಿ ಕಾಣುವುದೂ ಇಲ್ಲ. ಎಫ್/16 ದಾಟಿ ಮುಚ್ಚಿದರೆ ಬೆಳಕಿನ ಹರಡುವಿಕೆಯೇ ಎಲ್ಲ ಲೆನ್ಸುಗಳ ಅಂಚನ್ನೂ ಮೊಂಡು ಮಾಡುತ್ತದೆ.

ದುಡ್ಡು ಖರ್ಚು ಮಾಡದೆ ಇರುವ ಲೆನ್ಸಿಗೇ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದರಾಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಟ್ಯೂಬಿನ ಉದ್ದವನ್ನು ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ಎಷ್ಟು ಗಾತ್ರ ಕೂಡುತ್ತದೆ ಎಂಬುದು ಸಿಗುತ್ತದೆ. ಹನ್ನೆರಡು ಮಿಲಿಮೀಟರಿನ ಟ್ಯೂಬ್ 24ರ ಲೆನ್ಸಿಗೆ ಒಮ್ಮೆಲೇ ಅರ್ಧ ಗಾತ್ರ ಸೇರಿಸುತ್ತದೆ, ದೂರದ ಫೋಕಸ್ ಪೂರ್ತಿ ಹೋಗುತ್ತದೆ. ಇನ್ನೂ ವೈಡ್ ಆದ ಲೆನ್ಸಿನಲ್ಲಿ ಫೋಕಸ್ ಆಗುವ ತಾಣ ಗಾಜಿನ ಒಳಕ್ಕೇ ಸರಿದುಬಿಡುತ್ತದೆ, ಆಗ ಹೊರಗಿನ ಯಾವುದೂ ಸ್ಪಷ್ಟವಾಗುವುದಿಲ್ಲ. ಐದಾರು ಮಿಲಿಮೀಟರಿನ ತೆಳು ಟ್ಯೂಬ್ ಸಿಕ್ಕರೆ 28ಕ್ಕೋ 35ಕ್ಕೋ ಹಾಕಿ ನೋಡಬಹುದು. ಇನ್ನು ಫೋನು. ಐಫೋನ್ 13 ಪ್ರೋ 2021ರಲ್ಲಿ ತನ್ನ ಅಲ್ಟ್ರಾವೈಡ್ ಕ್ಯಾಮೆರಾವನ್ನು 2 ಸೆಂ.ಮೀ.ವರೆಗೆ ಫೋಕಸ್ ಆಗುವಂತೆ ಮಾಡಿದ ಮೇಲೆ ಈ ಬಗೆಯ ಚಿತ್ರ ಎಷ್ಟೋ ಜನರ ಜೇಬಿಗೆ ಬಂದಿದೆ. ಅದನ್ನು ಕಡೆಗಣಿಸುವವರ ಪೈಕಿ ನಾನಲ್ಲ. ಜಾಗದ ಸಮೇತ ಜೀವಿಯನ್ನು ನೋಡುವ ಕಣ್ಣು ಬೆಳೆಸಿಕೊಳ್ಳಲು ಅದಕ್ಕಿಂತ ಸುಲಭದ ಸಾಧನವಿಲ್ಲ. ಆದರೆ ಎರಡು ಸೆಂಟಿಮೀಟರಿನಲ್ಲಿ ಫೋನಿನ ಅಗಲ ಮೈಯೇ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಜಾಗದ ಪ್ರಶ್ನೆ ಅಲ್ಲೂ ಬಿಡುವುದಿಲ್ಲ.

ಜಾಗ ಅಂದರೆ ಬೆಳಕು, ಹೌದು. ಜಾಗ ಅಂದರೆ ಜೀವಿಯ ನೆಮ್ಮದಿಯೂ ಹೌದು. ಈ ವಿಧಾನದ ವಿರುದ್ಧ ಎತ್ತಬಹುದಾದ ಅತಿ ಗಟ್ಟಿಯಾದ ಆಕ್ಷೇಪ ಇದೇ: ಅರ್ಧ ಮೀಟರ್ ದೂರದಿಂದ ತೆಗೆಯಬಹುದಾದ ಚಿತ್ರಕ್ಕಾಗಿ ಹತ್ತು ಸೆಂಟಿಮೀಟರಿಗೆ ಹೋಗುವುದು ಹಿಂಸೆಯಲ್ಲವೇ? ಎಷ್ಟೋ ಕಡೆ ಹೌದು. ಗೂಡಿನಲ್ಲಿ ಮರಿಗಳಿದ್ದರೆ, ಹಾವು ಎದುರಿದ್ದರೆ, ಮೊಟ್ಟೆ ಕಾಯುವ ಜೀವಿಯಾದರೆ ವೈಡ್ ಲೆನ್ಸನ್ನು ಚೀಲದಿಂದ ತೆಗೆಯಲೇಬಾರದು. ಎಲೆಹಸಿರಿನ ಮಲಬಾರ್ ಗುಳಿಮಂಡಲ ಎಷ್ಟೇ ಅಲುಗದೆ ಕೂತಿದ್ದರೂ ಅದರ ಮುಂದೆ ಕೈ ಚಾಚುವುದು ಹಾವಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ಮರದ ಮೇಲಿನ ಹಾರುವ ಓತಿ ನಾವು ಬೊಡ್ಡೆಯ ಈಚೆ ಬಂದರೆ ಆಚೆ ಸರಿದುಬಿಡುತ್ತದೆ, ಅದರ ಬೆನ್ನು ಹತ್ತುವುದೂ ಒಂದು ಕಾಟವೇ. ಕುಂಬಾರ ಕಪ್ಪೆಯ ಬಗ್ಗೆ ಅಷ್ಟೆಲ್ಲ ಹೇಳಿದ ಮೇಲೂ, ಅದು ಮೊಟ್ಟೆಗೆ ಕೆಸರು ಮೆತ್ತುವ ಹೊತ್ತಿನಲ್ಲಿ ಲೆನ್ಸನ್ನು ಹತ್ತು ಸೆಂಟಿಮೀಟರಿಗೆ ಒಯ್ಯುವುದನ್ನು ನಾನು ಒಪ್ಪಲಾರೆ. ಅಲ್ಲಿ ಹಿಂದೆ ಸರಿದು 35ರಲ್ಲೋ 50ರಲ್ಲೋ ಹಳ್ಳವನ್ನೇ ದೊಡ್ಡದಾಗಿ, ಕಪ್ಪೆಯನ್ನು ಸಣ್ಣದಾಗಿ ತೆಗೆಯುವುದು ಮೇಲು. ಕಪ್ಪೆ ಚಿತ್ರದಲ್ಲಿ ಸಣ್ಣದಾದರೆ ನಷ್ಟವೇನಿಲ್ಲ. ನಮ್ಮ ಮೊಣಕೈಯ ಕೆಳಗೆ ಜಜ್ಜಿಹೋಗುವ ಪಾಚಿಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು, ಅದೂ ಜಾಗದ ಭಾಗವೇ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವ ಬದಲು ಗಟ್ಟಿಗೊಳಿಸುತ್ತದೆ. ಹತ್ತಿರ ಹೋಗುವುದು ತಪ್ಪದು ಎಂದಾದ ಮೇಲೆ, ಅರ್ಧ ಸೆಂಟಿಮೀಟರಿನ ಬದಲು ಹತ್ತು ಸೆಂಟಿಮೀಟರ್ ಬಿಟ್ಟುಕೊಡುವ ಲೆನ್ಸನ್ನು ಆರಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನಮ್ಮ ಇರವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಜೀವಿಗಳೂ ಇವೆ. ಮಲೆನಾಡಿನವರು ಚಗಳಿ ಅನ್ನುವ ಕೆಂಪಿರುವೆ ಗೂಡು ಕಟ್ಟುವಾಗ ಹೀಗೆ. ಎಲೆಯ ಅಂಚನ್ನು ಕಚ್ಚಿ ಹಿಡಿದ ಇರುವೆಗಳ ಒಂದು ಸಾಲು. ಅಂತರ ಜಾಸ್ತಿಯಿದ್ದ ಕಡೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಸರಪಳಿಯಾಗಿ ಎರಡು ಎಲೆಗಳನ್ನು ಎಳೆದು ಕೂಡಿಸುತ್ತವೆ. ಒಳಗಿನಿಂದ ಇನ್ನೊಂದು ಇರುವೆ ಬೆಳ್ಳನೆಯ ಮರಿಹುಳುವನ್ನು ಬಾಯಲ್ಲಿ ಹಿಡಿದು ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸುತ್ತದೆ, ನೇಯುವವರ ಲಾಳಿಯಂತೆ. ಮರಿಹುಳುವಿನ ಬಾಯಿಂದ ಹೊರಡುವ ರೇಷ್ಮೆ ಎಳೆ ಎಲೆಗಳನ್ನು ಹೊಲಿಯುತ್ತದೆ. ಒಂದು ಸೆಂಟಿಮೀಟರೂ ಇಲ್ಲದ ಇರುವೆಗೆ ನಾಲ್ಕನೇ ಒಂದು ಸಾಲದು, ಅರ್ಧ ಗಾತ್ರ ಬೇಕು. ಆಗ 24ರಲ್ಲಿ ಮೂತಿಯ ಮುಂದೆ ಐದು ಸೆಂಟಿಮೀಟರಿನಷ್ಟು ಉಳಿಯುತ್ತದೆ. ಹುಡ್ ಕಳಚಿಟ್ಟು, ಬಿಸಿಲನ್ನು ಪಕ್ಕದಿಂದ ಬರಲು ಬಿಟ್ಟು, ಸಣ್ಣ ಫ್ಲ್ಯಾಷಿಗೆ ಬಿಳಿ ಬಟ್ಟೆಯ ಡಿಫ್ಯೂಸರ್ ಹಾಕಿ ಮೇಲಿನಿಂದ ಮೃದುವಾಗಿ ತುಂಬಿದರೆ ಸಾಕು. ಹಿನ್ನೆಲೆಯ ಬೆಳಕನ್ನು ಮೊದಲು ಅಳೆದು ಅದನ್ನು ಅರ್ಧ ಸ್ಟಾಪಿನಷ್ಟು ಕೆಳಗಿಟ್ಟು, ಆಮೇಲೆ ಫ್ಲ್ಯಾಷನ್ನು ಕೂಡಿಸುವುದು ಸರಿಯಾದ ಕ್ರಮ. ಮೊದಲೇ ಫ್ಲ್ಯಾಷಿಗೆ ಒಲಿದರೆ ಹಗಲಿನ ಮಾವಿನ ಮರವೂ ಕತ್ತಲ ರಾತ್ರಿಯಂತೆ ಕಪ್ಪಾಗಿ, ಇಷ್ಟು ಕಷ್ಟಪಟ್ಟು ಒಳಗೆ ತಂದ ಜಾಗ ಮತ್ತೆ ಅಳಿಸಿಹೋಗುತ್ತದೆ. ನೀರಿನಡಿಯ ಛಾಯಾಗ್ರಾಹಕರು ಇದನ್ನು ಬಹಳ ಹಿಂದೆಯೇ ಕಲಿತರು. ನೀರು ಕೆಂಪು ಬೆಳಕನ್ನು ಬೇಗ ಹೀರುವುದರಿಂದ ಜೀವಿಗೂ ಗಾಜಿಗೂ ನಡುವೆ ನೀರು ಕಡಿಮೆಯಿದ್ದಷ್ಟೂ ಅವರಿಗೆ ಒಳ್ಳೆಯದು. ಹಾಗಾಗಿ ಫಿಶ್‌ಐ ಹಿಡಿದು ಹತ್ತಿರ ಹೋಗಿ, ಹವಳಕ್ಕೆ ಫ್ಲ್ಯಾಷಿನ ಬೆಳಕು, ಹಿಂದಿನ ಕಡಲಿಗೆ ಸೂರ್ಯನ ಬೆಳಕು ಎಂದು ಎರಡನ್ನೂ ಬೇರೆ ಬೇರೆಯಾಗಿ ತೂಗುತ್ತಾರೆ.

ವೈಡ್ ಲೆನ್ಸ್ ಆಕಾರ ಕೆಡಿಸುತ್ತದೆ, ಮಿಡತೆಯ ತಲೆ ದೊಡ್ಡದಾಗಿ ಹಿಂಭಾಗ ಚಿಕ್ಕದಾಗಿ ಕಾಣುತ್ತದೆ, ಇದು ಪ್ರಭೇದ ಗುರುತಿಸಲು ಬಾರದ ಚಿತ್ರ ಎಂಬುದು ಇನ್ನೊಂದು ಆಕ್ಷೇಪ. ತಲೆ ದೊಡ್ಡದಾಗುವುದು ಲೆನ್ಸಿನಿಂದಲ್ಲ, ಹತ್ತಿರದಿಂದ. ಮಿಡತೆಯ ಪಕ್ಕಕ್ಕೆ ಲಂಬವಾಗಿ ನಿಂತು, ಅದನ್ನು ಚೌಕಟ್ಟಿನ ಮೂಲೆಗೆ ತಳ್ಳದೆ ನಡುವಿನ ಹತ್ತಿರ ಇಟ್ಟರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಆದರೂ ಅಳತೆಗೆ, ಗುರುತಿಗೆ ಬೇರೆ ಚಿತ್ರ ಬೇಕು ಎನ್ನುವುದನ್ನು ಒಪ್ಪುತ್ತೇನೆ. ನಿಯಲ್ ಬೆನ್ವಿ, ಕ್ಲೇ ಬೋಲ್ಟ್ ಇಬ್ಬರೂ ಸೇರಿ 2009ರಲ್ಲಿ ಆರಂಭಿಸಿದ 'ಮೀಟ್ ಯುವರ್ ನೇಬರ್ಸ್' ಯೋಜನೆಯಲ್ಲಿ ಜೀವಿಯ ಹಿಂದೆ ಬರೀ ಬೆಳ್ಳನೆಯ ಬೆಳಕು, ಹುಲ್ಲಿನ ಎಸಳೂ ಇಲ್ಲ. ಹಿತ್ತಲಿನ ಹುಳಕ್ಕೆ ರಾಜಮರ್ಯಾದೆ ಕೊಡುವ ಆ ಚಿತ್ರಗಳ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಕ್ಲೇ ಬೋಲ್ಟ್ ಹತ್ತಿರದ ವೈಡ್ ಚಿತ್ರಗಳ ಪ್ರಚಾರಕರೂ ಹೌದು ಎಂಬುದನ್ನು ಇಲ್ಲಿ ಸೇರಿಸಬೇಕು. ಬಿಳಿ ಹಿನ್ನೆಲೆ ಜೀವಿ ಯಾವುದೆಂದು ಹೇಳುತ್ತದೆ, ವೈಡ್ ಲೆನ್ಸ್ ಅದು ಎಲ್ಲಿ ಬದುಕುತ್ತದೆಂದು ಹೇಳುತ್ತದೆ. ನನ್ನ ತಕರಾರಿರುವುದು ಹಸಿರು ಮಸುಕಿನ ಬಗ್ಗೆ, ಅದು ಎರಡನ್ನೂ ಅರ್ಧಕ್ಕೆ ಬಿಡುತ್ತದೆ.

ಹಿನ್ನೆಲೆ ಗೋಜಲಾಗುತ್ತದೆ ಎಂದು ಹೇಳುವವರಿಗೆ ನನ್ನ ಹತ್ತಿರ ಇರುವುದು ಕೆಲಸದ ಮಾತು ಮಾತ್ರ: ಜೀವಿಗಿಂತ ಮೊದಲು ಹಿನ್ನೆಲೆಯನ್ನು ಆರಿಸಬೇಕು. ಕ್ಯಾಮೆರಾ ಒಂದು ಗೇಣು ಕೆಳಗಿಳಿದರೆ ನೆಲದ ಕಸ ಮರೆಯಾಗಿ ಬಾನು ಬರುತ್ತದೆ. ಕೆಳಗಿಳಿಯಲು ಜಾಗವಿಲ್ಲದಿದ್ದರೆ ಆ ಚಿತ್ರ ಅಲ್ಲಿ ಇಲ್ಲ.

ಇಷ್ಟಾದ ಮೇಲೂ ಲೆನ್ಸ್ ಕೊಳ್ಳುವವರಿಗೆ ನಾನು ಹೇಳುವುದು ಪಟ್ಟಿಯನ್ನು ನಂಬದೆ ಕೈಯಾರೆ ಅಳೆದು ನೋಡಿ ಎಂದೇ. ಜೇಬಿನಲ್ಲಿ ಒಂದು ಸಣ್ಣ ಸ್ಕೇಲು, ಒಂದು ಹತ್ತು ರೂಪಾಯಿ ನಾಣ್ಯ ಇದ್ದರೆ ಸಾಕು. ನಾಣ್ಯದ ಅಗಲ 27 ಮಿ.ಮೀ. ಅಂಗಡಿಯ ಬಾಗಿಲ ಹತ್ತಿರ, ಬೀದಿಯ ಕಡೆ ಮುಖ ಮಾಡಿ, ಗಾಜಿನ ಮೇಜಿನ ಅಂಚಿನಲ್ಲಿ ನಾಣ್ಯವನ್ನು ನಿಲ್ಲಿಸಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಚೌಕಟ್ಟಿನ ಅಗಲಕ್ಕೆ ಅಂಥ ಐದು ನಾಣ್ಯ ಹಿಡಿಸುವಷ್ಟು ಹತ್ತಿರ ಹೋದರೆ ಅದು ಹೆಚ್ಚುಕಡಿಮೆ ನಾಲ್ಕನೇ ಒಂದು. ಅಷ್ಟು ಹತ್ತಿರ ಫೋಕಸ್ ಆಗುತ್ತದೆಯೇ ನೋಡಿ. ಆಗುವುದಾದರೆ ಮುಂದಿನ ಗಾಜಿಗೂ ನಾಣ್ಯಕ್ಕೂ ನಡುವೆ ಸ್ಕೇಲು ಹಿಡಿಯಿರಿ. ಆಮೇಲೆ ನಾಣ್ಯದ ಮೇಲೆ ಲೆನ್ಸಿನ ನೆರಳು ಬಿದ್ದಿದೆಯೇ ನೋಡಿ. ಕೊನೆಗೆ ನಾಣ್ಯವನ್ನು ಬಿಟ್ಟು ಅದರ ಹಿಂದೆ ನೋಡಿ: ಎದುರು ಮನೆಯ ಜಗಲಿ, ನಿಂತ ಸೈಕಲ್ಲು, ಬೀದಿ ತಿರುಗುವ ಮೂಲೆಯ ಮರ ಮಸುಕಾಗಿಯಾದರೂ ಗುರುತು ಸಿಗುವಷ್ಟು ಕಾಣುತ್ತವೆಯೇ ಎಂದು.